ಗಾಡಿ ಪ್ರಶ್ನೋತ್ತರ: ಪ್ಲಗ್ ಕಪ್ಪಾದರೆ ಎಂಜಿನ್ ಬಿಚ್ಚಿಸಲೇಬೇಕೆ?

ಈ ಸಲ ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ತೊಂದರೆಯನ್ನು ಕುರಿತವು. ಸ್ಪಾರ್ಕ್ ಪ್ಲಗ್ ಮತ್ತೆ ಮತ್ತೆ ಕಪ್ಪಾಗುತ್ತದೆ, ಅದರ ಮೇಲೆ ಎಣ್ಣೆ ಕಾಣುತ್ತದೆ, ಗಾಡಿ ನಡುದಾರಿಯಲ್ಲಿ ನಿಲ್ಲುತ್ತದೆ. ಹೀಗಾಗಿ ಬೇರೆ ವಿಷಯದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಉಳಿಸಿಕೊಂಡು ಇದೊಂದನ್ನೇ ಎತ್ತಿಕೊಂಡಿದ್ದೇನೆ. ಮೊದಲ ಪತ್ರ ಎಲ್ಲಕ್ಕಿಂತ ವಿವರವಾಗಿದೆ, ಅದಕ್ಕೆ ಕೊಟ್ಟ ಉತ್ತರವೂ ಉದ್ದವಾಗಿದೆ. ಉಳಿದವರು ತಮ್ಮ ಉತ್ತರದ ಜೊತೆಗೆ ಅದನ್ನೂ ಓದಬೇಕೆಂದು ಕೋರುತ್ತೇನೆ.

ಪ್ರಶ್ನೆ: ನಾನು ಚಿತ್ತಾಪುರ ತಾಲ್ಲೂಕಿನವನು. ವಾಡಿ ಕಡೆಯ ಕಲ್ಲುಗಣಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ದಿನವೂ ಬೈಕಿನಲ್ಲಿ ಹೋಗಿಬರುತ್ತೇನೆ. 2016ರ 100 ಸಿಸಿ ಕಾರ್ಬೊರೇಟರ್ ಗಾಡಿ, ಸುಮಾರು 70,000 ಕಿ.ಮೀ. ಓಡಿದೆ. ಎರಡು ತಿಂಗಳಲ್ಲಿ ಮೂರು ಪ್ಲಗ್ ಬದಲಾಯಿಸಿದ್ದೇನೆ. ಹೊಸ ಪ್ಲಗ್ ಹಾಕಿದರೆ ಎರಡು ಮೂರು ವಾರ ಗಾಡಿ ಚೆನ್ನಾಗಿರುತ್ತದೆ, ಆಮೇಲೆ ಮಿಸ್ಸಿಂಗ್ ಶುರುವಾಗುತ್ತದೆ. ಬೆಳಿಗ್ಗೆ ಮೊದಲ ಕಿಕ್ಕಿಗೆ ನೀಲಿ ಹೊಗೆ ಬಂದು ಒಂದೆರಡು ನಿಮಿಷದಲ್ಲಿ ನಿಲ್ಲುತ್ತದೆ. ಸಿಗ್ನಲ್ಲಿನಲ್ಲಿ ನಿಂತು ಮತ್ತೆ ಹೊರಟಾಗಲೂ ಒಮ್ಮೆ ಹೊಗೆ ಕಾಣುತ್ತದೆ. ಆಯಿಲ್ ಕಡಿಮೆಯಾಗುತ್ತಿದೆ, ಆದರೆ ಪಿಕಪ್ ಬಿದ್ದಿಲ್ಲ. ಗ್ಯಾರೇಜಿನವರು ‘ಇಂಜಿನ್ ಎಣ್ಣಿ ತಿನ್ಲಾಕತ್ತದ, ಬೋರ್ ಮಾಡಿಸ್ರಿ’ ಎಂದಿದ್ದಾರೆ. ಮಾಡಿಸಲೇಬೇಕೆ?

ಉತ್ತರ: ಬೋರಿಂಗಿಗೆ, ಅಂದರೆ ಸಿಲಿಂಡರಿನ ಒಳಗೋಡೆಯನ್ನು ಕೊರೆಸಿ ಹೊಸ ಪಿಸ್ಟನ್ ಹಾಕಿಸುವ ಕೆಲಸಕ್ಕೆ, ಮುಂಗಡ ಕೊಡುವ ಮೊದಲು ಸ್ವಲ್ಪ ತಡೆಯಿರಿ. ನೀವು ಬರೆದ ಲಕ್ಷಣಗಳನ್ನೆಲ್ಲ ಕೂಡಿಸಿ ನೋಡಿದರೆ ತೊಂದರೆ ಪಿಸ್ಟನ್ ರಿಂಗಿನದಲ್ಲ, ಸಿಲಿಂಡರಿನ ಮೇಲೆ ಕೂರುವ ಹೆಡ್ಡಿನೊಳಗಿರುವ ವಾಲ್ವ್ ಸೀಲಿನದು ಎಂದು ತೋರುತ್ತದೆ. ಎಂಜಿನ್ ಎಣ್ಣೆ ಸುಡುತ್ತಿದೆ ಎಂದು ನಿಮ್ಮ ಗ್ಯಾರೇಜಿನವರು ಹೇಳಿದ್ದು ಸರಿಯೇ ಇರಬಹುದು. ಆದರೆ ಎಣ್ಣೆ ಯಾವ ದಾರಿಯಿಂದ ಒಳಗೆ ಬರುತ್ತಿದೆ ಎಂಬುದನ್ನು ಅವರು ಇನ್ನೂ ನೋಡಿಲ್ಲ. ದಾರಿ ತಿಳಿಯದೆ ಬೋರ್ ಮಾಡಿಸಿದರೆ ಹಣವೂ ಹೋಗಿ ಹೊಗೆಯೂ ಉಳಿಯುತ್ತದೆ. ಇಂಥ ಪತ್ರಗಳು ನನಗೆ ಆಗಾಗ ಬರುತ್ತವೆ. ತೊಗರಿ ಮಾರಿದ ದುಡ್ಡಿನಲ್ಲೋ ತಿಂಗಳ ಸಂಬಳದಲ್ಲೋ ಎಂಜಿನ್ ಕೆಲಸ ಮಾಡಿಸುವವರಿಗೆ ಹೀಗಾಗಬಾರದು ಎಂಬ ಕಾರಣಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಮೊದಲ ಕೆಲಸ ಪ್ಲಗ್ಗನ್ನು ಸರಿಯಾಗಿ ಓದುವುದು. ಮನೆ ಮುಂದೆ ಹತ್ತು ನಿಮಿಷ ಸುಮ್ಮನೆ ಚಾಲೂ ಇಟ್ಟ ಗಾಡಿಯ ಪ್ಲಗ್ ಬಿಚ್ಚಿದರೆ ಅದು ಬಹುಮಟ್ಟಿಗೆ ಕಪ್ಪಾಗಿಯೇ ಇರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಗಾಡಿಯನ್ನು ಎಂಟು ಹತ್ತು ಕಿಲೋಮೀಟರ್ ಒಂದೇ ವೇಗದಲ್ಲಿ ಓಡಿಸಿ, ವಾಹನಗಳಿಲ್ಲದ ಕಡೆ ಕ್ಲಚ್ ಹಿಡಿದು ಎಂಜಿನ್ ಬಂದ್ ಮಾಡಿ, ರಸ್ತೆಯ ಬದಿಗೆ ಉರುಳಿಸಿ ನಿಲ್ಲಿಸಿ. ಎಂಜಿನ್ ಮುಟ್ಟುವಷ್ಟು ತಣ್ಣಗಾದ ಮೇಲೆ ಪ್ಲಗ್ಗಿನ ಸುತ್ತ ಕುಳಿತ ಧೂಳನ್ನು ಬ್ರಷ್ಷಿನಿಂದಲೋ ಪಂಪಿನ ಗಾಳಿಯಿಂದಲೋ ತೆಗೆದು, ಆಮೇಲೆ ಪ್ಲಗ್ ಬಿಚ್ಚಿ. ನೀವು ಓಡಾಡುವ ರಸ್ತೆಯಲ್ಲಿ ಪ್ಲಗ್ಗಿನ ಬುಡದಲ್ಲಿ ಕಲ್ಲುಪುಡಿ ತುಂಬಿರುತ್ತದೆ. ಅದು ಸಿಲಿಂಡರಿನೊಳಗೆ ಬಿದ್ದರೆ ಇಲ್ಲದ ತೊಂದರೆಯನ್ನು ನಾವೇ ತಂದುಕೊಂಡಂತೆ.

ಬಿಚ್ಚಿದ ಪ್ಲಗ್ಗನ್ನು ಬೆಳಕಿಗೆ ಹಿಡಿದು, ನಡುವಿನ ಕಂಬಿಯ ಸುತ್ತ ಇರುವ ಬಿಳಿಯ ಪಿಂಗಾಣಿ ಭಾಗದ ಬಣ್ಣ ನೋಡಿ. ಎಂಜಿನ್ ಆರೋಗ್ಯವಾಗಿದ್ದರೆ ಅದು ತಿಳಿ ಕಂದು ಅಥವಾ ಬೂದು ಬಣ್ಣಕ್ಕಿರುತ್ತದೆ. ಬೆಳ್ಳಗೆ ಸುಟ್ಟಂತಾಗಿ ಸಣ್ಣ ಗುಳ್ಳೆಗಳೆದ್ದಿದ್ದರೆ ಎಂಜಿನ್ ಮಿತಿಮೀರಿ ಕಾಯುತ್ತಿದೆ ಎಂದರ್ಥ. ಕಪ್ಪಾಗಿದ್ದರೆ ಆ ಕಪ್ಪು ಎಂಥದು ಎಂಬುದೇ ಮುಖ್ಯ ಪ್ರಶ್ನೆ. ಬೆರಳಿನಿಂದ ಒರೆಸಿದಾಗ ಪುಡಿಪುಡಿಯಾಗಿ, ದೀಪದ ಕುಡಿಯ ಮೇಲೆ ತಟ್ಟೆ ಹಿಡಿದು ಮಾಡಿದ ಕಾಡಿಗೆಯ ಹಾಗೆ ಒಣಗಿ ಉದುರಿದರೆ ಅದು ಇದ್ದಿಲು ಮಸಿ, ಪೆಟ್ರೋಲ್ ಹೆಚ್ಚಾಗಿ ಗಾಳಿ ಕಡಿಮೆಯಾದುದರ ಗುರುತು. ಒದ್ದೆಯಾಗಿ ಮಿರುಗುತ್ತ ಬೆರಳಿಗೆ ಜಿಡ್ಡು ಅಂಟಿದರೆ ಅದು ಎಣ್ಣೆ. ಒದ್ದೆಯಿದ್ದದ್ದು ಎಣ್ಣೆಯೋ ಪೆಟ್ರೋಲೋ ಎಂಬ ಅನುಮಾನವಿದ್ದರೆ ಪ್ಲಗ್ಗಿನ ತುದಿಯನ್ನು ಹಳೆಯ ದಿನಪತ್ರಿಕೆಯ ಖಾಲಿ ಅಂಚಿಗೆ ಒತ್ತಿ ಹತ್ತು ನಿಮಿಷ ಬಿಡಿ. ಪೆಟ್ರೋಲಿನ ಕಲೆ ವಾಸನೆ ಬೀರಿ ಆರಿಹೋಗುತ್ತದೆ. ಎಣ್ಣೆಯ ಕಲೆ ಆರುವುದಿಲ್ಲ, ಕಾಗದವನ್ನು ಬಿಸಿಲಿಗೆ ಹಿಡಿದರೆ ಅಷ್ಟು ಜಾಗ ಪಾರದರ್ಶಕವಾಗಿ ಹೊಳೆಯುತ್ತದೆ.

ಇನ್ನೊಂದನ್ನು ನೋಡುವುದು ಬಿಡಬೇಡಿ. ಕೆಲವೊಮ್ಮೆ ಪ್ಲಗ್ಗಿನ ತುದಿ ಸ್ವಚ್ಛವಾಗಿದ್ದು, ಹೊರಗಿನ ಷಟ್ಕೋನದ ಬಳಿ ಮಾತ್ರ ಎಣ್ಣೆ ಇರುತ್ತದೆ. ಅದು ಒಳಗೆ ಸುಟ್ಟ ಎಣ್ಣೆಯಲ್ಲ. ಟ್ಯಾಪೆಟ್ ಮುಚ್ಚಳದ ರಬ್ಬರ್ ರಿಂಗೋ ಹೆಡ್ ಕವರಿನ ಪ್ಯಾಕಿಂಗೋ ಸವೆದು ಹೊರಗಿನಿಂದ ಇಳಿದುಬಂದದ್ದು. ಆ ಪ್ಯಾಕಿಂಗ್ ಬದಲಾಯಿಸಿದರೆ ಕೆಲಸ ಮುಗಿಯಿತು. ಅದಕ್ಕಾಗಿ ಎಂಜಿನ್ ಇಳಿಸುವುದು ಅನ್ಯಾಯ.

ತುದಿಯಲ್ಲೇ ಎಣ್ಣೆ ಇದೆ ಎಂದು ಖಚಿತವಾದ ಮೇಲೆ ಹೊಗೆ ಯಾವಾಗ ಬರುತ್ತದೆ ಎಂಬುದನ್ನು ಗಮನಿಸಬೇಕು. ಎಣ್ಣೆ ಒಳಗೆ ಬರಲು ಎರಡು ಮುಖ್ಯ ದಾರಿಗಳಿವೆ. ಮೇಲಿನದು ವಾಲ್ವಿನ ದಾರಿ. ಹೆಡ್ಡಿನಲ್ಲಿ ವಾಲ್ವುಗಳನ್ನು ತೆರೆಯುವ ಕ್ಯಾಮಿಗೂ ರಾಕರಿಗೂ ಎಣ್ಣೆ ಹರಿಯುತ್ತಿರುತ್ತದೆ. ಅದು ವಾಲ್ವಿನ ದಂಟಿನ ಗುಂಟ ಕೆಳಗಿಳಿಯದಂತೆ ತಡೆಯಲು ದಂಟು ಜಾರುವ ಕೊಳವೆಯಾದ ಗೈಡಿನ ತಲೆಯ ಮೇಲೆ ಚಿಕ್ಕದೊಂದು ರಬ್ಬರ್ ಸೀಲ್ ಇರುತ್ತದೆ. ವರ್ಷಗಟ್ಟಲೆ ಕಾದು ಕಾದು ಆ ರಬ್ಬರ್ ಗಟ್ಟಿಯಾದಾಗ ಅದರ ಹಿಡಿತ ಸಡಿಲವಾಗುತ್ತದೆ. ರಾತ್ರಿಯಿಡೀ ಗಾಡಿ ನಿಂತಾಗ ಹನಿಹನಿಯಾಗಿ ಇಳಿದ ಎಣ್ಣೆ ಬೆಳಗಿನ ಮೊದಲ ಕಿಕ್ಕಿಗೆ ಸುಟ್ಟು ನೀಲಿ ಹೊಗೆಯಾಗಿ ಹೊರಬರುತ್ತದೆ. ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ. ರೇಸ್ ಪೂರ್ತಿ ಬಿಟ್ಟಾಗಲೂ, ಗಾಡಿ ನಿಂತಲ್ಲೇ ಸ್ಲೋದಲ್ಲಿ ಓಡುವಾಗಲೂ ಕಾರ್ಬೊರೇಟರಿನ ಬಾಗಿಲು ಮುಚ್ಚಿರುತ್ತದೆ. ಆಗ ಒಳಗೆ ಬಲವಾದ ಎಳೆತ ಉಂಟಾಗಿ, ಸಡಿಲವಾದ ಸೀಲಿನ ಸಂದಿಯಿಂದ ಎಣ್ಣೆಯನ್ನು ಒಳಗೆಳೆದುಕೊಳ್ಳುತ್ತದೆ. ಸಿಗ್ನಲ್ಲಿನಿಂದ ಹೊರಟಾಗ ನಿಮಗೆ ಕಂಡ ಹೊಗೆ ಇದೇ. ಇಳಿಜಾರಿನಲ್ಲಿ ಗೇರಿನಲ್ಲೇ ಇಳಿದು ಕೆಳಗೆ ಮತ್ತೆ ರೇಸ್ ಕೊಟ್ಟಾಗಲೂ ಹೀಗೆಯೇ ಕಾಣಬೇಕು, ಪರೀಕ್ಷಿಸಿ ನೋಡಿ.

ಕೆಳಗಿನದು ಪಿಸ್ಟನ್ ರಿಂಗಿನ ದಾರಿ. ಸಾಮಾನ್ಯವಾಗಿ ಪಿಸ್ಟನ್ನಿನ ಮೇಲಿನ ಎರಡು ರಿಂಗುಗಳು ಒತ್ತಡವನ್ನು ಹಿಡಿಯುತ್ತವೆ, ಮೂರನೆಯದು ಸಿಲಿಂಡರಿನ ಗೋಡೆಯ ಎಣ್ಣೆಯನ್ನು ಕೆರೆದು ಕೆಳಗೆ ಕಳಿಸುತ್ತದೆ. ಇವು ಸವೆದರೆ ಹೊಗೆ ಬೆಳಿಗ್ಗೆ ಒಂದು ನಿಮಿಷ ಬಂದು ನಿಲ್ಲುವುದಿಲ್ಲ. ಇಬ್ಬರನ್ನು ಕೂರಿಸಿಕೊಂಡು ಏರು ಹತ್ತುವಾಗ, ಜೋರಾಗಿ ರೇಸ್ ಕೊಟ್ಟಾಗ, ಎಂಜಿನ್ ಚೆನ್ನಾಗಿ ಕಾದ ಮೇಲೂ ಹೊಗೆ ಬರುತ್ತಲೇ ಇರುತ್ತದೆ. ಜೊತೆಗೆ ಪಿಕಪ್ ಬೀಳುತ್ತದೆ, ಕಿಕ್ ಹಗುರವಾಗುತ್ತದೆ. ಉರಿಯ ಒತ್ತಡ ರಿಂಗುಗಳನ್ನು ದಾಟಿ ಕೆಳಗಿನ ಕ್ರ್ಯಾಂಕ್ ಕೇಸಿಗೆ ನುಗ್ಗುವುದರಿಂದ ಬ್ರೀದರ್ ಪೈಪಿನಿಂದ ಎಣ್ಣೆಯ ಹಬೆ ಏರ್ ಫಿಲ್ಟರಿನ ಡಬ್ಬಿಗೆ ಬಂದು ಸೇರುತ್ತದೆ. ಡಬ್ಬಿ ತೆರೆದು ನೋಡಿ. ಒಳಗೆ ಎಣ್ಣೆ ನಿಂತಿಲ್ಲದಿದ್ದರೆ ಅದು ನಿಮಗೆ ಒಳ್ಳೆಯ ಸುದ್ದಿ.

ಇಷ್ಟಾದ ಮೇಲೆ ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಇರುವ ಗ್ಯಾರೇಜಿಗೆ ಹೋಗಿ. ಕಲಬುರಗಿಯಂಥ ಊರಿನಲ್ಲಿ ವಿಚಾರಿಸಿದರೆ ಸಿಗುತ್ತದೆ. ಎಂಜಿನ್ ಬೆಚ್ಚಗಿರಬೇಕು, ಚೋಕ್ ತೆಗೆದಿರಬೇಕು, ರೇಸನ್ನು ಪೂರ್ತಿ ತಿರುಗಿಸಿ ಹಿಡಿದು ಗೇಜಿನ ಮುಳ್ಳು ಇನ್ನು ಏರುವುದಿಲ್ಲ ಎನ್ನುವವರೆಗೆ ಕಿಕ್ ಹೊಡೆಯಬೇಕು. ರೇಸ್ ತಿರುಗಿಸದೆ ಅಳೆದರೆ ಒಳಗೆ ಗಾಳಿಯೇ ಹೋಗದೆ ಒಳ್ಳೆಯ ಎಂಜಿನ್ನೂ ಕೆಟ್ಟದ್ದೆಂದು ತೋರುತ್ತದೆ. ಬಂದ ಅಂಕಿಯನ್ನು ಬರೆದುಕೊಂಡು, ಪ್ಲಗ್ಗಿನ ರಂಧ್ರದಿಂದ ಒಂದು ಚಹಾ ಚಮಚದಷ್ಟು, ಅಂದರೆ ಸುಮಾರು 5 ಮಿ.ಲೀ. ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯಬೇಕು. ಅದಕ್ಕಿಂತ ಹೆಚ್ಚು ಹಾಕಬಾರದು. ಅಂಕಿ ಗಣನೀಯವಾಗಿ ಏರಿದರೆ ಸವೆದ ರಿಂಗಿನ ಸಂದಿಯನ್ನು ಎಣ್ಣೆ ತಾತ್ಕಾಲಿಕವಾಗಿ ಮುಚ್ಚಿದೆ ಎಂದರ್ಥ, ಆಗ ಬೋರಿನ ಮಾತು ಸರಿ. ಮೊದಲ ಅಂಕಿಯೇ ಕಡಿಮೆಯಿದ್ದು ಎಣ್ಣೆ ಹಾಕಿದರೂ ಏರದಿದ್ದರೆ ವಾಲ್ವ್ ಸರಿಯಾಗಿ ಕೂರುತ್ತಿಲ್ಲ. ಮೊದಲ ಅಂಕಿಯೇ ನಿಮ್ಮ ಮಾಡೆಲ್ಲಿನ ಸರ್ವಿಸ್ ಪುಸ್ತಕದಲ್ಲಿ ಇರುವಷ್ಟು ಬಂದು, ಬೆಳಗಿನ ಹೊಗೆ ಮಾತ್ರ ಇದ್ದರೆ ಸೀಲ್ ಬದಲಾಯಿಸಿದರೆ ಸಾಕು. ಕೆಲವು ಎಂಜಿನ್ನುಗಳಲ್ಲಿ ಕಿಕ್ ಹಗುರವಾಗಲೆಂದು ಒತ್ತಡ ಇಳಿಸುವ ಡಿಕಂಪ್ರೆಸರ್ ಇರುತ್ತದೆ. ಅಂಥವುಗಳಲ್ಲಿ ಅಂಕಿ ತನ್ನಷ್ಟಕ್ಕೆ ಕಡಿಮೆ ಬರುವುದರಿಂದ ಬೇರೆ ಗಾಡಿಯ ಅಂಕಿಯೊಂದಿಗೆ ಹೋಲಿಸಬಾರದು.

ವಾಲ್ವ್ ಸೀಲಿನ ಬೆಲೆ ಅಲ್ಪ, ಕೂಲಿಯೇ ಹೆಚ್ಚು. ಹೆಡ್ ಬಿಚ್ಚಿದಾಗ ಎರಡೂ ಸೀಲ್ ಬದಲಾಯಿಸಿ, ವಾಲ್ವನ್ನು ಗೈಡಿನೊಳಗೆ ಅತ್ತಿತ್ತ ಅಲುಗಿಸಿ ನೋಡುವಂತೆ ಹೇಳಿ. ಗೈಡೇ ಸವೆದು ವಾಲ್ವ್ ಅಲುಗುತ್ತಿದ್ದರೆ ಹೊಸ ಸೀಲ್ ಹೆಚ್ಚು ದಿನ ಬಾಳುವುದಿಲ್ಲ, ಗೈಡಿನ ಕೆಲಸವನ್ನೂ ಆಗಲೇ ಲೇಥಿನವರಿಂದ ಮಾಡಿಸಬೇಕು. ಹೆಡ್ ಪ್ಯಾಕಿಂಗ್ ಹೊಸದೇ ಇರಲಿ. ಸಿಲಿಂಡರ್ ಎದುರಿಗೇ ಇರುವುದರಿಂದ ಅದರ ಗೋಡೆಯಲ್ಲಿ ಉದ್ದುದ್ದ ಗೀರುಗಳಿವೆಯೇ ಎಂದು ಬೆರಳಿನ ಉಗುರಿನಿಂದ ಸವರಿ ನೋಡಿ. ಉಗುರಿಗೆ ತಡೆಯುವಂಥ ಗೀರಿದ್ದರೆ ಬೋರನ್ನು ಮುಂದೂಡಿ ಪ್ರಯೋಜನವಿಲ್ಲ.

ಗೀರಿನ ಮಾತು ಬಂದದ್ದರಿಂದ ಧೂಳಿನ ಬಗ್ಗೆಯೂ ಹೇಳಬೇಕು. ಶಹಾಬಾದ್ ಕಲ್ಲಿನ ಗಣಿ, ಸಿಮೆಂಟ್ ಕಾರ್ಖಾನೆ, ಕಲ್ಲು ಹೇರಿದ ಲಾರಿಗಳ ನಡುವೆ ಓಡುವ ಗಾಡಿಯ ರಿಂಗುಗಳು ಡಾಂಬರು ರಸ್ತೆಯಲ್ಲಷ್ಟೇ ಓಡುವ ಗಾಡಿಯದಕ್ಕಿಂತ ಬೇಗ ಸವೆಯುತ್ತವೆ. ಫಿಲ್ಟರ್ ಹರಿದಿದ್ದರೆ, ಅಥವಾ ಫಿಲ್ಟರ್ ಡಬ್ಬಿಯಿಂದ ಕಾರ್ಬೊರೇಟರಿಗೆ ಹೋಗುವ ರಬ್ಬರ್ ಕೊಳವೆ ಬಿರುಕು ಬಿಟ್ಟಿದ್ದರೆ ಕಲ್ಲುಪುಡಿ ನೇರವಾಗಿ ಸಿಲಿಂಡರಿಗೆ ಇಳಿದು ಗೋಡೆಯನ್ನು ಉಜ್ಜುತ್ತದೆ. ಕೊಳವೆಯ ಒಳಮೈಯನ್ನು ಬಿಳಿ ಬಟ್ಟೆಯಿಂದ ಒರೆಸಿ, ಧೂಳು ಅಂಟಿದರೆ ಸೋರಿಕೆ ಇದೆ ಎಂದು ತಿಳಿಯಿರಿ. ಹಲವು 100 ಸಿಸಿ ಗಾಡಿಗಳಲ್ಲಿ ಎಣ್ಣೆ ಲೇಪಿಸಿದ ಕಾಗದದ ಫಿಲ್ಟರ್ ಇರುತ್ತದೆ. ಅದನ್ನು ಗಾಳಿ ಹೊಡೆದು ಸ್ವಚ್ಛ ಮಾಡಬಾರದು, ಬದಲಾಯಿಸಬೇಕು. ಕೈಪಿಡಿಯಲ್ಲಿ ಬರೆದ ಕಿಲೋಮೀಟರ್ ಸಾಮಾನ್ಯ ರಸ್ತೆಯ ಲೆಕ್ಕ. ನಿಮ್ಮ ದಾರಿಗೆ ಅದಕ್ಕಿಂತ ಬೇಗನೇ ಬದಲಾಯಿಸಿ.

ದುರಸ್ತಿ ಆಗುವವರೆಗೆ ‘ಬಿಸಿ ಪ್ಲಗ್’, ಅಂದರೆ ತುದಿಯ ಶಾಖವನ್ನು ಬೇಗ ಬಿಟ್ಟುಕೊಡದ ಪ್ಲಗ್, ಹಾಕಿ ಎಣ್ಣೆಯನ್ನು ಸುಟ್ಟುಬಿಡೋಣ ಎಂಬ ಸಲಹೆಯೂ ನಿಮಗೆ ಸಿಕ್ಕೀತು. ಪ್ಲಗ್ಗಿನ ತುದಿ ಸುಮಾರು 450ರಿಂದ 500 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ ಎಂಬುದು ನಿಜ. ಆದರೆ ಅದು 800 ಡಿಗ್ರಿ ದಾಟಿದರೆ ಕಿಡಿ ಹಾರುವ ಮೊದಲೇ ಪೆಟ್ರೋಲ್ ಹೊತ್ತಿಕೊಳ್ಳುವ ಅಪಾಯವಿದೆ, ಪಿಸ್ಟನ್ನಿನ ತಲೆಯೇ ಕರಗಬಹುದು. ಹೊರಗೆ 42 ಡಿಗ್ರಿ ಬಿಸಿಲಿರುವ ನಮ್ಮ ಏಪ್ರಿಲ್, ಮೇ ತಿಂಗಳಲ್ಲಿ ಗಾಳಿಯಿಂದಲೇ ತಣ್ಣಗಾಗಬೇಕಾದ ಎಂಜಿನ್ನಿಗೆ ಈ ಪ್ರಯೋಗ ಬೇಡ. ಪ್ಲಗ್ಗಿನ ಮೇಲಿನ ಸಂಖ್ಯೆಯನ್ನು ಓದುವಾಗಲೂ ಎಚ್ಚರವಿರಲಿ. ಎನ್‌ಜಿಕೆ ಪ್ಲಗ್ಗಿನಲ್ಲಿ ಸಂಖ್ಯೆ ದೊಡ್ಡದಾದಷ್ಟೂ ಪ್ಲಗ್ ತಂಪು, ಬಾಷ್ ಪ್ಲಗ್ಗಿನಲ್ಲಿ ಸಂಖ್ಯೆ ದೊಡ್ಡದಾದಷ್ಟೂ ಬಿಸಿ. ಅಂಗಡಿಯಲ್ಲಿ ಒಂದರ ಬದಲು ಇನ್ನೊಂದು ಕೊಟ್ಟರೆ ಸಂಖ್ಯೆ ನೋಡಿ ಹೋಲಿಸದೆ, ಕೈಪಿಡಿಯಲ್ಲಿ ನಮೂದಿಸಿದ ಪ್ಲಗ್ಗನ್ನೇ ಕೇಳಿ ಪಡೆಯಿರಿ.

ಪ್ರಶ್ನೆ: ಬೀದರಿನಲ್ಲಿ ಶಿಕ್ಷಕಿಯಾಗಿದ್ದೇನೆ. ಮನೆಯಿಂದ ಶಾಲೆಗೆ ಎರಡೇ ಕಿಲೋಮೀಟರ್. ಚಳಿಗಾಲದಲ್ಲಿ ನನ್ನ ಕಾರ್ಬೊರೇಟರ್ ಬೈಕಿನ ಪ್ಲಗ್ ಬೇಗ ಕಪ್ಪಾಗುತ್ತದೆ, ಎವರೇಜ್ ಕೂಡ ಇಳಿದಿದೆ. ನೀಲಿ ಹೊಗೆ ಇಲ್ಲ, ಆಯಿಲ್ ಇಳಿಯುವುದಿಲ್ಲ. ಈಗಿನ ಎಥೆನಾಲ್ ಬೆರೆಸಿದ ಪೆಟ್ರೋಲಿನಿಂದ ಹೀಗಾಗುತ್ತದೆ ಎಂದು ಸಹೋದ್ಯೋಗಿಗಳು ಹೇಳುತ್ತಾರೆ. ನಿಜವೇ?

ಉತ್ತರ: ಮೇಡಂ, ನಿಮ್ಮದು ಎಣ್ಣೆಯ ತೊಂದರೆಯಲ್ಲ, ಒಣ ಮಸಿಯ ತೊಂದರೆ. ಎಥೆನಾಲಿನ ಮೇಲೆ ಹೊರಿಸುವ ಆರೋಪ ಈ ವಿಷಯದಲ್ಲಿ ತಿರುಗುಮುರುಗಾಗಿದೆ. ಶುದ್ಧ ಪೆಟ್ರೋಲಿನ ಒಂದು ಪಾಲು ಪೂರ್ತಿ ಉರಿಯಲು ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು, ಎಥೆನಾಲಿಗೆ ಸುಮಾರು 9 ಪಾಲು ಸಾಕು, ಏಕೆಂದರೆ ಅದರೊಳಗೇ ಆಮ್ಲಜನಕ ಇರುತ್ತದೆ. ಹೀಗಾಗಿ ಮೊದಲಿನ ಪೆಟ್ರೋಲಿಗೆ ಹೊಂದಿಸಿದ ಕಾರ್ಬೊರೇಟರಿಗೆ 20 ಶೇಕಡ ಎಥೆನಾಲ್ ಬೆರೆಸಿದ ಇಂಧನ ಹಾಕಿದರೆ ಮಿಶ್ರಣದಲ್ಲಿ ಗಾಳಿಯ ಪಾಲು ಹೆಚ್ಚಿದಂತಾಗುತ್ತದೆ, ಮಸಿ ಹೆಚ್ಚುವುದಿಲ್ಲ. ಎಥೆನಾಲಿನಲ್ಲಿ ಶಕ್ತಿಯ ಅಂಶ ಕಡಿಮೆಯಿರುವುದರಿಂದ ಎವರೇಜ್ ಸ್ವಲ್ಪ ಇಳಿಯುವುದು ನಿಜ. ಹಳೆಯ ಗಾಡಿಗಳ ರಬ್ಬರ್ ಪೈಪು, ವಾಷರುಗಳಿಗೆ ಅದು ಒಗ್ಗದಿರಬಹುದು. ಪ್ಲಗ್ ಕಪ್ಪಾಗುವುದಕ್ಕೆ ಮಾತ್ರ ಕಾರಣ ಬೇರೆ ಕಡೆ ಹುಡುಕಬೇಕು.

ನಿಮ್ಮ ವಿಷಯದಲ್ಲಿ ದೊಡ್ಡ ಕಾರಣ ಆ ಎರಡು ಕಿಲೋಮೀಟರೇ. ಎತ್ತರದಲ್ಲಿರುವ ಬೀದರಿನ ಡಿಸೆಂಬರ್ ಮುಂಜಾನೆಯಲ್ಲಿ ಚೋಕ್ ಎಳೆದು ಶುರು ಮಾಡಿದ ಎಂಜಿನ್ ಶಾಲೆಯ ಗೇಟಿಗೆ ಬರುವಷ್ಟರಲ್ಲಿ ಇನ್ನೂ ಸರಿಯಾಗಿ ಕಾದಿರುವುದಿಲ್ಲ. ಪ್ಲಗ್ಗಿನ ತುದಿ ಮಸಿ ಸುಟ್ಟುಕೊಳ್ಳುವಷ್ಟು ಬಿಸಿಯಾಗುವ ಮೊದಲೇ ನೀವು ಗಾಡಿ ಬಂದ್ ಮಾಡುತ್ತೀರಿ. ದಿನವೂ ಹೀಗಾದರೆ ಮಸಿ ಪದರ ಪದರವಾಗಿ ಕೂತು, ಕಿಡಿ ಸಂದಿಯಲ್ಲಿ ಹಾರುವ ಬದಲು ಮಸಿಯ ಮೇಲೇ ಹರಿದುಹೋಗುತ್ತದೆ. ಎಂಜಿನ್ ನಿಲ್ಲದೆ ಓಡತೊಡಗಿದ ಕೂಡಲೇ ಚೋಕ್ ಇಳಿಸಿ. ವಾರಕ್ಕೊಮ್ಮೆಯಾದರೂ ಭಾಲ್ಕಿ ರಸ್ತೆಯಲ್ಲೋ ಹುಮನಾಬಾದ್ ರಸ್ತೆಯಲ್ಲೋ ಹದಿನೈದು ಇಪ್ಪತ್ತು ಕಿಲೋಮೀಟರ್ ಟಾಪ್ ಗೇರಿನಲ್ಲಿ ಓಡಿಸಿಕೊಂಡು ಬನ್ನಿ.

ಇದರಿಂದಲೂ ಸರಿಹೋಗದಿದ್ದರೆ ಚೋಕ್ ಲಿವರ್ ಇಳಿಸಿದಾಗ ಕಾರ್ಬೊರೇಟರಿನ ಬಳಿ ಅದು ಪೂರ್ತಿ ಹಿಂದಕ್ಕೆ ಬರುತ್ತದೆಯೇ ಎಂದು ನೋಡಿ. ಕೇಬಲ್ ತುಕ್ಕು ಹಿಡಿದು ಅರ್ಧಕ್ಕೇ ನಿಂತ ಚೋಕ್ ಎಷ್ಟೋ ಗಾಡಿಗಳ ಎವರೇಜನ್ನು ತಿಂದಿದೆ. ಆಮೇಲೆ ಏರ್ ಫಿಲ್ಟರ್. ಅದೂ ಸರಿಯಿದ್ದರೆ ಕಾರ್ಬೊರೇಟರಿನ ಫ್ಲೋಟ್ ಪಿನ್ನು. ಪಿನ್ನಿನ ತುದಿ ಸವೆದರೆ ಪೆಟ್ರೋಲಿನ ಮಟ್ಟ ಏರಿ, ನಿಂತ ಗಾಡಿಯ ಸುತ್ತ ಪೆಟ್ರೋಲ್ ವಾಸನೆ ಬರುತ್ತದೆ. 2020ರ ಏಪ್ರಿಲ್‌ನಿಂದ ಮಾರಾಟವಾದ ಬಿಎಸ್-6 ಬೈಕುಗಳಲ್ಲಿ ಸಾಮಾನ್ಯವಾಗಿ ಕಾರ್ಬೊರೇಟರ್ ಇಲ್ಲ, ಇಂಜೆಕ್ಟರ್ ಇದೆ. ಅಂಥ ಗಾಡಿಯ ಪ್ಲಗ್ ಒಣ ಮಸಿ ಹಿಡಿದರೆ, ಮೀಟರಿನಲ್ಲಿ ಎಂಜಿನ್ ಚಿತ್ರದ ದೀಪ ಉರಿಯುತ್ತಿದ್ದರೆ, ಸ್ಕ್ಯಾನರ್ ಇರುವವರಲ್ಲಿಗೇ ಒಯ್ಯಬೇಕು. ಆಮ್ಲಜನಕದ ಸೆನ್ಸರೋ ಸೋರುವ ಇಂಜೆಕ್ಟರೋ ಕಾರಣವಿರಬಹುದು.

ಪ್ರಶ್ನೆ: ಸುರಪುರ ತಾಲ್ಲೂಕಿನ ರೈತ. ಆಯಿಲ್ ಬದಲಾಯಿಸಿದ ಮರುದಿನದಿಂದಲೇ ಬಿಳಿ-ನೀಲಿ ಹೊಗೆ, ಪ್ಲಗ್ ಒದ್ದೆ. ಅದಕ್ಕೂ ಮೊದಲು ಏನೂ ಇರಲಿಲ್ಲ. ಬಾಟಲಿಯಲ್ಲಿ ಇದ್ದದ್ದನ್ನೆಲ್ಲ ಹಾಕಿದ್ದೇನೆ.

ಉತ್ತರ: ಹೆಚ್ಚು ಹಾಕಿದ್ದೇ ಕಾರಣ ಎಂದು ಕಾಣುತ್ತದೆ. ಬಾಟಲಿಯ ಅಳತೆಯೂ ಎಂಜಿನ್ನಿನ ಅಳತೆಯೂ ಯಾವಾಗಲೂ ಒಂದೇ ಇರುವುದಿಲ್ಲ, ಹಳೆಯ ಎಣ್ಣೆ ಪೂರ್ತಿ ಇಳಿಯದೆ ಸ್ವಲ್ಪ ಒಳಗೇ ಉಳಿದಿರುತ್ತದೆ. ಮಟ್ಟ ಮೀರಿದ ಎಣ್ಣೆಯನ್ನು ತಿರುಗುವ ಕ್ರ್ಯಾಂಕ್ ಕಡೆದು ನೊರೆ ಮಾಡುತ್ತದೆ. ಆ ನೊರೆ ಬ್ರೀದರಿನಿಂದ ಫಿಲ್ಟರ್ ಡಬ್ಬಿಗೂ ಅಲ್ಲಿಂದ ಸಿಲಿಂಡರಿಗೂ ಹೋಗುತ್ತದೆ. ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ನಡುಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಎಂಜಿನ್ ಕೆಲವು ನಿಮಿಷ ಓಡಿಸಿ ಬಂದ್ ಮಾಡಿ, ಎರಡು ಮೂರು ನಿಮಿಷ ಬಿಟ್ಟು ಅಳೆಯಿರಿ. ಅನೇಕ ಗಾಡಿಗಳಲ್ಲಿ ಅಳತೆ ಕಡ್ಡಿಯನ್ನು ತಿರುಪದೆ, ರಂಧ್ರಕ್ಕೆ ಸುಮ್ಮನೆ ಇಳಿಸಿ ನೋಡಬೇಕು. ತಿರುಪಿ ನೋಡಿದರೆ ಕಡ್ಡಿ ಆಳಕ್ಕೆ ಹೋಗಿ, ಕಡಿಮೆ ಇರುವ ಎಣ್ಣೆಯೂ ಸಾಕಷ್ಟಿದೆ ಎಂದು ತೋರುತ್ತದೆ. ಹೆಚ್ಚಿನದನ್ನು ಕೆಳಗಿನ ಬೋಲ್ಟಿನಿಂದ ತೆಗೆದು, ಫಿಲ್ಟರ್ ಡಬ್ಬಿ ಒರೆಸಿ, ಎಣ್ಣೆ ಕುಡಿದ ಫಿಲ್ಟರ್ ಬದಲಾಯಿಸಿ.

ತೆಗೆದ ಎಣ್ಣೆಯನ್ನು ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದು, ಎಣ್ಣೆ ನೀರಿನಂತೆ ತೆಳ್ಳಗಾಗಿದ್ದರೆ ಮಟ್ಟ ಏರಿರುವುದು ನಿಮ್ಮ ಬಾಟಲಿಯಿಂದಲ್ಲ, ಟ್ಯಾಂಕಿನ ಕಾಕ್ ಮತ್ತು ಫ್ಲೋಟ್ ಪಿನ್ ಎರಡೂ ಸೋರಿ ಪೆಟ್ರೋಲ್ ಒಳಗಿಳಿದಿದೆ. ಆ ಎಣ್ಣೆಯಲ್ಲಿ ಗಾಡಿ ಓಡಿಸಬೇಡಿ, ಬೇರಿಂಗ್ ಹೋಗುತ್ತವೆ. ಎಣ್ಣೆ ಕೊಳ್ಳುವಾಗ ಡಬ್ಬಿಯ ಮೇಲೆ ಜಾಸೊ ಎಂಎ ಎಂಬ ಗುರುತು ನೋಡಿ. ಗೇರಿನ ಬೈಕುಗಳಲ್ಲಿ ಕ್ಲಚ್ ಪ್ಲೇಟುಗಳು ಅದೇ ಎಣ್ಣೆಯಲ್ಲಿ ಮುಳುಗಿರುವುದರಿಂದ ಕಾರಿನ ಎಣ್ಣೆ ಹಾಕಿದರೆ ಕ್ಲಚ್ ಜಾರಬಹುದು.

ಪ್ರಶ್ನೆ: ಆಳಂದದಿಂದ ಬರೆಯುತ್ತಿದ್ದೇನೆ. ತಂದೆಯವರ ಕಾಲದ ಆರ್‌ಎಕ್ಸ್ 100 ಇದೆ. ಟು ಸ್ಟ್ರೋಕ್ ಗಾಡಿ ಹೊಗೆ ಬಿಡುವುದು ಸಹಜವೆನ್ನುತ್ತಾರೆ, ಆದರೆ ಈಚೆಗೆ ಬಹಳ ಹೊಗೆ, ಪ್ಲಗ್ ಎಣ್ಣೆಯಲ್ಲಿ ನೆನೆದಿರುತ್ತದೆ.

ಉತ್ತರ: 1985ರಿಂದ 1996ರವರೆಗೆ ತಯಾರಾದ ಆ ಗಾಡಿಯನ್ನು ಇನ್ನೂ ಓಡುವ ಸ್ಥಿತಿಯಲ್ಲಿ ಉಳಿಸಿಕೊಂಡಿರುವುದು ಸಂತೋಷದ ಸಂಗತಿ. ಟು ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲಿನ ಜೊತೆ ಎಣ್ಣೆಯೂ ಉರಿಯುವುದರಿಂದ ಒಂದಿಷ್ಟು ಹೊಗೆ ಸಹಜ. ಮೊದಲಿನ ಉತ್ತರದ ವಾಲ್ವ್ ಸೀಲಿನ ಮಾತು ಇದಕ್ಕೆ ಅನ್ವಯಿಸುವುದಿಲ್ಲ, ಏಕೆಂದರೆ ಇದರ ಹೆಡ್ಡಿನಲ್ಲಿ ವಾಲ್ವೇ ಇಲ್ಲ. ನೀವು ನೋಡಬೇಕಾದದ್ದು ಎರಡು. ಈ ಗಾಡಿಯಲ್ಲಿ ಎಣ್ಣೆಯನ್ನು ಪಂಪೇ ಬೆರೆಸುತ್ತದೆ. ಅದನ್ನು ನಂಬದೆ ಟ್ಯಾಂಕಿಗೂ ಎಣ್ಣೆ ಸುರಿಯುವ ರೂಢಿ ಹಲವರಿಗಿದೆ. ಪಂಪೂ ಕೆಲಸ ಮಾಡುತ್ತಿದ್ದು ಟ್ಯಾಂಕಿಗೂ ಸುರಿದರೆ ಪ್ಲಗ್ ನೆನೆಯದೆ ಇನ್ನೇನಾದೀತು? ಎರಡರಲ್ಲಿ ಒಂದನ್ನು ಬಿಡಿ. ಪಂಪಿನ ಕೇಬಲ್ಲಿನ ಗುರುತು ಸರಿಯಾದ ಜಾಗದಲ್ಲಿದೆಯೇ ಎಂದೂ ನೋಡಿಸಿ.

ಎರಡನೆಯದು ಗೇರ್ ಆಯಿಲ್. ಅಳತೆ ಮಾಡಿ ಗೇರ್ ಆಯಿಲ್ ಹಾಕಿ, ಕೆಲವು ವಾರ ಓಡಿಸಿ, ಮತ್ತೆ ತೆಗೆದು ಅಳೆಯಿರಿ. ಹೊರಗೆಲ್ಲೂ ಸೋರದೆ ಅದು ಕಡಿಮೆಯಾಗಿದ್ದರೆ ಕ್ಲಚ್ ಬದಿಯ ಕ್ರ್ಯಾಂಕ್ ಸೀಲ್ ಹೋಗಿದೆ, ಎಂಜಿನ್ ಗೇರ್ ಆಯಿಲ್ಲನ್ನು ಒಳಗೆಳೆದು ಸುಡುತ್ತಿದೆ. ಆಗ ಸೀಲ್ ಬದಲಾಯಿಸುವುದನ್ನು ತಡಮಾಡಬೇಡಿ, ಗೇರ್ ಪೆಟ್ಟಿಗೆ ಒಣಗಿದರೆ ಆ ಗಾಡಿಗೆ ಗೇರುಗಳನ್ನು ಹುಡುಕುವುದು ಸುಲಭವಲ್ಲ. ಇನ್ನೊಂದು ಬದಿಯ, ಅಂದರೆ ಮ್ಯಾಗ್ನೆಟ್ ಕಡೆಯ ಸೀಲ್ ಹೋದರೆ ಪರಿಣಾಮ ಇದಕ್ಕೆ ತದ್ವಿರುದ್ಧ. ಅಲ್ಲಿಂದ ಬರಿಯ ಗಾಳಿ ಒಳನುಗ್ಗಿ ಪ್ಲಗ್ ಬೆಳ್ಳಗಾಗುತ್ತದೆ, ಎಂಜಿನ್ ಕಾಯುತ್ತದೆ.

ಪ್ರಶ್ನೆ: ಕಪ್ಪಾದ ಪ್ಲಗ್ಗನ್ನು ಗ್ಯಾಸ್ ಒಲೆಯ ಮೇಲೆ ಕಾಯಿಸಿ, ತಂತಿ ಬ್ರಷ್ಷಿನಿಂದ ಉಜ್ಜಿ ಮತ್ತೆ ಹಾಕುತ್ತೇನೆ. ತಪ್ಪೇ? — ಜೇವರ್ಗಿಯಿಂದ ಒಬ್ಬ ಓದುಗರು.

ಉತ್ತರ: ಎರಡೂ ಬೇಡ. ಒಲೆಯ ಉರಿ ಒಂದೇ ಕಡೆ ತಾಗಿ ಪಿಂಗಾಣಿಯಲ್ಲಿ ಕಣ್ಣಿಗೆ ಕಾಣದ ಬಿರುಕು ಬೀಳುತ್ತದೆ. ತಂತಿ ಬ್ರಷ್ ಪಿಂಗಾಣಿಯ ಮೇಲೆ ಲೋಹದ ಗೆರೆಗಳನ್ನು ಬಿಡುತ್ತದೆ, ಕಿಡಿಯ ವಿದ್ಯುತ್ ಆ ಗೆರೆಗಳ ಮೇಲೆ ಹರಿದು ಪೋಲಾಗುತ್ತದೆ. ಒಣ ಮಸಿಯಾದರೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಪೆಟ್ರೋಲಿನಲ್ಲಿ ತೊಳೆದು ಚೆನ್ನಾಗಿ ಒಣಗಿಸಿ ಹಾಕಬಹುದು. ಎಣ್ಣೆ ಸುಟ್ಟು ಗಟ್ಟಿಯಾದ ಪ್ಲಗ್ಗನ್ನು ತೊಳೆದು ಪ್ರಯೋಜನವಿಲ್ಲ. ಸಂದಿಯನ್ನು ಫೀಲರ್ ಗೇಜಿನಿಂದ ಅಳೆಯಿರಿ, ಹೆಚ್ಚಿನ ಸಣ್ಣ ಬೈಕುಗಳಲ್ಲಿ ಅದು 0.7ರಿಂದ 0.9 ಮಿ.ಮೀ. ಇರುತ್ತದೆ. ಹೊಂದಿಸುವಾಗ ಹೊರಗಿನ ಬಾಗಿದ ಕಂಬಿಯನ್ನಷ್ಟೇ ಬಗ್ಗಿಸಬೇಕು. ಕಿಡಿ ಪರೀಕ್ಷಿಸುವಾಗ ಪ್ಲಗ್ಗಿನ ಮೈ ಎಂಜಿನ್ನಿನ ಲೋಹಕ್ಕೆ ಗಟ್ಟಿಯಾಗಿ ತಾಗಿರಲಿ, ತೆರೆದ ಪ್ಲಗ್ ರಂಧ್ರದಿಂದ ದೂರವಿರಲಿ. ಅಲ್ಲಿಂದ ಬರುವ ಪೆಟ್ರೋಲ್ ಆವಿಗೆ ಬೆಂಕಿ ತಗುಲಬಹುದು. ಮರಳಿ ಹಾಕುವಾಗ ಪಾನಾ ಹಿಡಿಯದೆ ಬೆರಳಿನಿಂದಲೇ ಕೊನೆಯವರೆಗೆ ತಿರುಗಿಸಿ, ಹೊಸ ಪ್ಲಗ್ಗಾದರೆ ಆಮೇಲೆ ಪಾನಾದಿಂದ ಅರ್ಧ ಸುತ್ತು ಬಿಗಿಯಿರಿ. ಒಮ್ಮೆ ಬಳಸಿದ ಪ್ಲಗ್ಗಿಗೆ ಅದಕ್ಕಿಂತ ಬಹಳ ಕಡಿಮೆ ಸಾಕು. ಹೆಡ್ಡಿನ ಅಲ್ಯೂಮಿನಿಯಂ ಮರೆಗಳು, ಅಂದರೆ ಪ್ಲಗ್ ತಿರುಪಿ ಕೂರುವ ಸುರುಳಿ ಗೆರೆಗಳು, ಕೆಟ್ಟರೆ ಖರ್ಚು ಪ್ಲಗ್ಗಿನ ಬೆಲೆಗಿಂತ ಹತ್ತಾರು ಪಟ್ಟು.

ಪ್ರಶ್ನೆ: ಯಾದಗಿರಿಯವನು. ಕಂಪ್ರೆಷನ್ ನೋಡಿಯೇ ಬೋರ್ ಮಾಡಿಸಿದೆ, ಹೊಸ ಪಿಸ್ಟನ್, ರಿಂಗು ಹಾಕಿದರು, ವಾಲ್ವ್ ಸೀಲೂ ಹೊಸದು. 100 ಕಿ.ಮೀ. ಓಡಿಸಿದ್ದೇನೆ, ಇನ್ನೂ ಸ್ವಲ್ಪ ನೀಲಿ ಹೊಗೆ ಇದೆ. ಕೆಲಸ ಕೆಟ್ಟಿತೇ?

ಉತ್ತರ: ಇಷ್ಟಕ್ಕೇ ಹಾಗೆ ತೀರ್ಮಾನಿಸಬೇಡಿ. ಮೊದಲು ತಿಂಗಳುಗಟ್ಟಲೆ ಸುಟ್ಟ ಎಣ್ಣೆ ಸೈಲೆನ್ಸರಿನೊಳಗೆ ಪದರವಾಗಿ ಕೂತಿರುತ್ತದೆ. ಎಂಜಿನ್ ಸರಿಯಾದ ಮೇಲೂ ಅದು ಕಾದು ಕಾದು ಖಾಲಿಯಾಗುವವರೆಗೆ ಹೊಗೆ ಬರುತ್ತದೆ. ಹೊಸ ರಿಂಗುಗಳು ಸಿಲಿಂಡರಿನ ಗೋಡೆಗೆ ಹೊಂದಿಕೊಳ್ಳಲೂ ಕೆಲವು ನೂರು ಕಿಲೋಮೀಟರ್ ಬೇಕು. ಆ ಅವಧಿಯಲ್ಲಿ ಭಾರ ಹೇರಬೇಡಿ, ಒಂದೇ ವೇಗದಲ್ಲಿ ಗಂಟೆಗಟ್ಟಲೆ ಓಡಿಸಬೇಡಿ, ನಿಂತಲ್ಲೇ ಬಹಳ ಹೊತ್ತು ಚಾಲೂ ಇಡಬೇಡಿ; ವೇಗವನ್ನು ಏರಿಸುತ್ತ ಇಳಿಸುತ್ತ ಓಡಿಸಿ. 500 ಕಿಲೋಮೀಟರಿಗೆ ಎಣ್ಣೆ ಬದಲಾಯಿಸಿ, ಸವೆದ ಲೋಹದ ಪುಡಿ ಅದರೊಂದಿಗೆ ಹೋಗುತ್ತದೆ. ಈ ನಡುವೆ ಪ್ಲಗ್ ತೆಗೆದು ನೋಡುತ್ತಿರಿ. ತುದಿ ದಿನದಿನಕ್ಕೆ ಒಣಗುತ್ತ ಕಂದು ಬಣ್ಣಕ್ಕೆ ತಿರುಗಿದರೆ ಕೆಲಸ ಚೆನ್ನಾಗಿ ಆಗಿದೆ.

ಅಷ್ಟು ಓಡಿದ ಮೇಲೂ ಪ್ಲಗ್ ಎಣ್ಣೆಯಲ್ಲೇ ಇದ್ದರೆ ಕೆಲಸ ಮಾಡಿದವರ ಬಳಿಗೇ ಹೋಗಿ ನಾಲ್ಕು ವಿಷಯ ಕೇಳಿ. ಬೋರ್ ಮಾಡಿದ ಮೇಲೆ ಹೋನಿಂಗ್ ಮಾಡಿ ಗೋಡೆಯ ಮೇಲೆ ಅಡ್ಡಡ್ಡ ಗೆರೆಗಳನ್ನು ಬಿಟ್ಟಿದ್ದಾರೆಯೇ? ತೀರ ನುಣುಪಾದ ಗೋಡೆಯಲ್ಲಿ ಎಣ್ಣೆ ನಿಲ್ಲುವುದಿಲ್ಲ, ರಿಂಗೂ ಕೂರುವುದಿಲ್ಲ. ಅಕ್ಷರದ ಗುರುತಿರುವ ರಿಂಗುಗಳನ್ನು ಗುರುತು ಮೇಲಾಗಿ ಕೂರಿಸಿದ್ದಾರೆಯೇ? ರಿಂಗುಗಳ ಬಾಯಿ ಒಂದೇ ಸಾಲಿನಲ್ಲಿ ಬರದಂತೆ 120 ಡಿಗ್ರಿ ಅಂತರದಲ್ಲಿ ಇಟ್ಟಿದ್ದಾರೆಯೇ? ಎಣ್ಣೆ ಕೆರೆಯುವ ಮೂರನೆಯ ರಿಂಗಿನ ನಡುವಿನ ಸುರುಳಿಪಟ್ಟಿಯ ತುದಿಗಳು ಒಂದರ ಮೇಲೊಂದು ಹತ್ತಿ ಕೂತಿಲ್ಲವಷ್ಟೆ? ಈ ಕೊನೆಯದು ಜೋಡಿಸುವ ಆತುರದಲ್ಲಿ ಕಣ್ತಪ್ಪುವುದು ಹೆಚ್ಚು. ಹಾಗೇನಾದರೂ ಆಗಿದ್ದರೆ ಬ್ಯಾರಲ್ ಎತ್ತಿ ರಿಂಗ್ ಸರಿಪಡಿಸಿದರಾಯಿತು, ಮತ್ತೊಮ್ಮೆ ಬೋರ್ ಮಾಡಿಸುವ ಅಗತ್ಯವಿಲ್ಲ.